ಸದ್ದಿಲ್ಲದ ಡಿಸ್ಕ್

ವಿದ್ಯಾಶ್ರೀ ಬಿ.ಎ. ಕೊನೆಯ ವರ್ಷದ ಇತಿಹಾಸ ಪತ್ರಿಕೆಯಲ್ಲಿ ಒಮ್ಮೆ ನಪಾಸಾಗಿದ್ದಳು, ಅದೂ ಬೇರೆಯವರ ಕೈಬರಹದಲ್ಲಿ. ಹುಟ್ಟಿದಾಗಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ. ಅಂಥವರು ಬಾಯಲ್ಲಿ ಉತ್ತರ ಹೇಳಬೇಕು, ಅವರಿಗಿಂತ ಕೆಳಗಿನ ತರಗತಿಯವರೊಬ್ಬರು ಅದನ್ನು ಬರೆದುಕೊಡಬೇಕು. ಹೋದ ವರ್ಷ ಸಿಕ್ಕ ಹುಡುಗಿ ಪಿಯುಸಿ ವಿಜ್ಞಾನದವಳು. ಮೂರು ಸಲ ಹೇಳಿದರೆ ಒಂದು ಸಲ ಬರೆಯುತ್ತಿದ್ದಳು. ಆಮೇಲೆ ಉತ್ತರಪತ್ರಿಕೆಯ ನಕಲು ತರಿಸಿ ಗೆಳತಿಯಿಂದ ಓದಿಸಿದಾಗ, ಗುಡಿ ಕಟ್ಟುವ ವೇಸರ ಶೈಲಿ ಎಂದು ತಾನು ಹೇಳಿದ ಕಡೆಯಲ್ಲೆಲ್ಲ 'ಬೇಸರ ಶೈಲಿ' ಎಂದಿತ್ತು. ಕೊನೆಯ ಉತ್ತರವಂತೂ ಇರಲೇ ಇಲ್ಲ. ಪಾಸಾಗಲು ಮೂರು ಅಂಕ ಕಡಿಮೆ ಬಿದ್ದಿದ್ದವು.

"ಇನ್ನ ನಾನ ಬರೀತೀನಿ," ಎಂದು ಆವತ್ತೇ ತಾಯಿ ರೇಣುಕವ್ವನಿಗೆ ಹೇಳಿದ್ದಳು.

ಹರ್ತಿಯಿಂದ ದಿನಾ ಬಸ್ಸು ಹತ್ತಿ ಗದಗಿಗೆ ಬಂದು, ಟಾಂಗಾ ಕೂಟದ ಹತ್ತಿರದ ಜೈಬುನ್ನೀಸಾಳ ಅಂಗಡಿಯಲ್ಲಿ ಕೂತು ಟೈಪಿಂಗ್ ಕಲಿತಳು. ಜೈಬುನ್ನೀಸಾಳಿಗೆ ಐವತ್ತರ ಸಮೀಪ. ತಂದೆ ರೇಡಿಯೊ ರಿಪೇರಿ ಮಾಡುತ್ತಿದ್ದ ಇಕ್ಕಟ್ಟಾದ ಅಂಗಡಿಯಲ್ಲೇ ಈಗ ಅವಳು ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ. ವಿದ್ಯಾಶ್ರೀ ಅವಳನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಾಳೆ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವನ್ನು ಅವಳಿಗೆ ಹಾಕಿಕೊಟ್ಟವಳು ಆಪಾ. ಒತ್ತಿದ ಅಕ್ಷರವನ್ನು ಅದು ಕಿವಿಯಲ್ಲಿ ಹೇಳುತ್ತದೆ, ಬರೆದ ಸಾಲನ್ನು ಓದುತ್ತದೆ. ಎಂಟು ತಿಂಗಳಲ್ಲಿ ವಿದ್ಯಾಶ್ರೀಯ ಬೆರಳುಗಳು ಮಾತಾಡಿದಷ್ಟೇ ಸರಾಗವಾಗಿ ಕನ್ನಡ ಬರೆಯತೊಡಗಿದವು.

ವಿಶ್ವವಿದ್ಯಾಲಯಕ್ಕೆ ಐದು ಅರ್ಜಿ ಹೋದ ಮೇಲೆ ಅನುಮತಿ ಬಂತು. ಷರತ್ತುಗಳೂ ಜತೆಗೇ ಬಂದವು. ಕಂಪ್ಯೂಟರ್ ಪರೀಕ್ಷಾ ಕೇಂದ್ರದ್ದೇ ಆಗಿರಬೇಕು, ಇಂಟರ್‌ನೆಟ್ ಇರಕೂಡದು, ಪರದೆಯ ಮೇಲೆ ಇರುವುದನ್ನು ಕೊಠಡಿಯಲ್ಲಿ ಯಾರೂ ಅಭ್ಯರ್ಥಿಗೆ ಓದಿ ಹೇಳಬಾರದು. ಮುಗಿದ ಮೇಲೆ ಮುದ್ರಿಸಿ, ಅದು ತನ್ನದೇ ಎಂದು ಖಾತ್ರಿ ಮಾಡಿಕೊಂಡು ಅಭ್ಯರ್ಥಿ ಸಹಿ ಹಾಕಬೇಕು.

ಗದಗಿನ ಆ ಕಾಲೇಜಿನಲ್ಲಿ ಇಂಥದು ಹಿಂದೆಂದೂ ನಡೆದಿರಲಿಲ್ಲ. ಕೇಂದ್ರದ ಮುಖ್ಯ ಅಧೀಕ್ಷಕರು ಅರ್ಥಶಾಸ್ತ್ರದ ಪ್ರಾಧ್ಯಾಪಕ ಬೀರಲಿಂಗ ಸರ್. ಪತ್ರವನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ನೋಡವ್ವಾ, ನನಗ ನಿನ್ನ ಮ್ಯಾಲ ಸಂಶೆ ಇಲ್ಲ. ಮಷೀನ ಮ್ಯಾಲ ಐತಿ. ಅದು ನಡುವ ಕೈ ಕೊಟ್ಟಿತಂದ್ರ ನಿನ್ನ ಪರೀಕ್ಷಾನೂ ಹೋತು, ಮುಂದ ನಿನ್ನಂಥವ್ರು ಯಾರು ಕೇಳಿದ್ರೂ ನಮ್ಮ ಕೇಂದ್ರದಾಗ ಒಲ್ಲೆ ಅಂತಾರ."

"ಮಷೀನ್ ಮದ್ಲ ನೋಡೂಣ್ರಿ ಸರ್," ಎಂದಳು ಜೈಬುನ್ನೀಸಾ.

ಪರೀಕ್ಷೆಗೆ ಇನ್ನೂ ಹತ್ತು ದಿನವಿತ್ತು. ಅಧೀಕ್ಷಕರ ಕೋಣೆಯ ಪಕ್ಕದ ಸಣ್ಣ ಕೊಠಡಿಯಲ್ಲಿ ಕಾಲೇಜಿನ ಎಂಟು ವರ್ಷದ ಹಳೆಯ ಕಂಪ್ಯೂಟರೊಂದನ್ನು ಇಟ್ಟಿದ್ದರು. ಚಾಲೂ ಮಾಡಿದಾಗ ಒಳಗಿನ ಹಾರ್ಡ್ ಡಿಸ್ಕ್ ಕರಕರ ಎಂದು ತಿರುಗತೊಡಗಿತು. ಆರು ನಿಮಿಷವಾದ ಮೇಲೆ ಧ್ವನಿ ಮಾತಾಡಿತು. ವಿದ್ಯಾಶ್ರೀ ಒಂದು ಅಕ್ಷರ ಒತ್ತಿದರೆ ಅದು ಕೇಳುವಷ್ಟರಲ್ಲಿ ಮೂರು ಅಕ್ಷರ ಮುಂದೆ ಹೋಗಿರುತ್ತಿದ್ದಳು.

"ಇದರಾಗ ಆಗಂಗಿಲ್ಲ," ಎಂದ ಜೈಬುನ್ನೀಸಾ ಹಳೆ ಡಿಸ್ಕ್ ಬಿಚ್ಚಿ ಎಸ್‌ಎಸ್‌ಡಿ ಹಾಕಿದಳು. ತಿರುಗುವ ತಟ್ಟೆಯಿಲ್ಲದ ಹೊಸ ಬಗೆಯ ಡಿಸ್ಕ್ ಅದು. ವಿದ್ಯಾಶ್ರೀಯ ಕೈಗೆ ಅದು ಇಸ್ಪೀಟು ಕಟ್ಟಿನಷ್ಟಿತ್ತು, ಹಗುರ. ಮೊದಲು ಅದಕ್ಕೆ ಲಿನಕ್ಸ್ ಎಂಬ ಓಎಸ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಹಾಕಿ ತೋರಿಸಿದಳು. ಹದಿನೆಂಟು ಸೆಕೆಂಡಿನಲ್ಲಿ ಧ್ವನಿ ಬಂತು. ಒತ್ತಿದ ಅಕ್ಷರ ಬೆರಳಿನಡಿಯಲ್ಲೇ ಕೇಳುತ್ತಿತ್ತು. ಆದರೆ ಆ ಧ್ವನಿ ತಗಡು ಬಡಿದ ಹಾಗಿತ್ತು, ಉಳಿಸುವ, ಓದಿಸುವ ಕೀಲಿಗಳೂ ಬೇರೆ. ಆಮೇಲೆ ಅದೇ ಡಿಸ್ಕಿಗೆ ಎಲ್ಲರೂ ಬಳಸುವ ಮಾಮೂಲಿ ಓಎಸ್ ಹಾಕಿದಳು. ಅದು ನಲವತ್ತು ಸೆಕೆಂಡ್ ತೆಗೆದುಕೊಂಡಿತು, ಹಳೆಯದರ ಎದುರು ಅದೂ ಗಾಳಿಯೇ.

"ನನ್ನ ಮಾತು ಕೇಳಿದ್ರ ಮದ್ಲಿನ ಲಿನಕ್ಸ್ ತಗೋ," ಎಂದಳು ಜೈಬುನ್ನೀಸಾ. "ಡಿಸ್ಕ್ ಒಂದ ಆದ್ರೂ ಓಎಸ್ ನಡಸೂ ರೀತಿ ಬ್ಯಾರೆ ಇರತೈತಿ. ಲಿನಕ್ಸ್ ನೀ ಹೇಳಿದಷ್ಟ ಮಾಡತೈತಿ. ಈ ಮಾಮೂಲಿದು ನಿನಗ ಹೇಳದ ಹಿಂದ ತಂದ ಏನರ ಕೆಲಸಾ ತಕ್ಕೊಂಡು ಕುಂಡರತೈತಿ. ಈ ಡಿಸ್ಕ್ ಸಣ್ಣದು, ಸೋವಿದು. ಓದಾಕ ಜೋರ ಐತಿ. ಒಮ್ಮಿಗೆ ಭಾಳ ಬರಿ ಅಂದ್ರ ಉಸರ ಹಿಡೀತೈತಿ."

ವಿದ್ಯಾಶ್ರೀ ಒಪ್ಪಲಿಲ್ಲ. ಎಂಟು ತಿಂಗಳು ಬೆರಳಿಗೆ ಬಂದ ಕೀಲಿಗಳನ್ನು ಹತ್ತು ದಿನದಲ್ಲಿ ಬದಲಿಸುವುದು ಅವಳಿಗೆ ಹೆದರಿಕೆಯ ಮಾತಾಗಿತ್ತು. ಬೀರಲಿಂಗ ಸರ್ ಕೂಡ ಎಲ್ಲರೂ ಬಳಸುವುದೇ ಇರಲಿ, ನಾಳೆ ಯಾರೂ ಬೆರಳು ತೋರಿಸಬಾರದು ಎಂದರು. ಮಾಮೂಲಿ ಓಎಸ್ಸೇ ಉಳಿಯಿತು. ಜೈಬುನ್ನೀಸಾ ಅದಕ್ಕೆ ಕನ್ನಡದ ಧ್ವನಿ ಇಳಿಸಲು ಒಂದೂವರೆ ತಾಸು ಇಂಟರ್‌ನೆಟ್ ಜೋಡಿಸಿ, ಆಮೇಲೆ ತಂತಿ ಕಿತ್ತಳು. ಬೀರಲಿಂಗ ಸರ್ ಯಂತ್ರಕ್ಕೆ ಬಿಳಿ ಕಾಗದ ಸುತ್ತಿಸಿ ಅರಗಿನ ಮುದ್ರೆ ಒತ್ತಿ ಕೊಠಡಿಗೆ ಬೀಗ ಹಾಕಿದರು.

ಹೊರಗೆ ಬಂದ ಮೇಲೆ ವಿದ್ಯಾಶ್ರೀ ಒಂದು ಮಾತು ಹೇಳಿದಳು. "ಆಪಾ, ಹಳೇ ಡಿಸ್ಕ್ ಕರಕರ ಅಂತಿತ್ತು. ಧ್ವನಿ ಬರಲಿಲ್ಲಂದ್ರೂ ಒಳಗ ಏನೋ ನಡದೈತಿ ಅಂತ ಕಿವಿಗೆ ಗೊತ್ತಾಗತಿತ್ತು. ಇದು ಸತ್ತೈತೋ ಬದುಕೈತೋ ಹೆಂಗ ತಿಳ್ಕೋಬೇಕ್ರಿ?"

"ಇದು ಸಾಯಂಗಿಲ್ಲ ಬಿಡ," ಎಂದು ಜೈಬುನ್ನೀಸಾ ನಕ್ಕಿದ್ದಳು.

ಪರೀಕ್ಷೆಯ ದಿನ ಮಧ್ಯಾಹ್ನ ಒಂದೂವರೆಗೆ ಮುದ್ರೆ ಒಡೆದರು. ರೇಣುಕವ್ವ ಮತ್ತು ಜೈಬುನ್ನೀಸಾ ಗೇಟಿನ ಹೊರಗೇ ನಿಂತರು, ಹೊರಗಿನವರಿಗೆ ಒಳಗೆ ಪ್ರವೇಶವಿರಲಿಲ್ಲ. ಕೊಠಡಿಯ ಮೇಲ್ವಿಚಾರಕಿ ಸುಶ್ಮಿತಾ ಅತಿಥಿ ಉಪನ್ಯಾಸಕಿ, ಆ ಕಾಲೇಜಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಅವಳು ಷರತ್ತುಗಳ ಹಾಳೆಯನ್ನು ಗಟ್ಟಿಯಾಗಿ ಓದಿ, ಎರಡಕ್ಕೆ ಸರಿಯಾಗಿ ಪ್ರಶ್ನೆಗಳನ್ನು ಓದಿ ಹೇಳಿದಳು. ಎಲ್ಲರಿಗೆ ಮೂರು ತಾಸು, ವಿದ್ಯಾಶ್ರೀಗೆ ನಾಲ್ಕು. ಪಕ್ಕದ ಕೋಣೆಯಲ್ಲಿ, ಬೇಕಾದೀತು ಎಂದು, ಬರೆದುಕೊಡುವ ಹುಡುಗಿಯೊಬ್ಬಳನ್ನೂ ಕೂಡಿಸಿದ್ದರು.

ಮೊದಲ ಎರಡು ತಾಸು ಯಾವ ತೊಂದರೆಯೂ ಆಗಲಿಲ್ಲ. ಏಳರಲ್ಲಿ ನಾಲ್ಕು ಉತ್ತರ ಮುಗಿದವು. ಐದನೆಯದು ಕಲ್ಯಾಣ ಚಾಲುಕ್ಯರ ವಾಸ್ತುಶಿಲ್ಪ. ಈ ಪ್ರಶ್ನೆಗೆಂದೇ ಅವಳು ಕಾದಿದ್ದಳು. ಲಕ್ಕುಂಡಿಯ ಗುಡಿಗಳಿಗೆ ತಾಯಿಯ ಜತೆ ನಾಲ್ಕು ಸಲ ಹೋಗಿ ಕಂಬಗಳನ್ನು ಅಂಗೈಯಿಂದ ಓದಿಕೊಂಡು ಬಂದವಳು ಅವಳು. ಕಡೆದ ಕಂಬದ ಕೊರಳು ಎಲ್ಲಿ ಸಣ್ಣದಾಗುತ್ತದೆ, ಗಂಟೆಯಂತೆ ಎಲ್ಲಿ ಅಗಲವಾಗುತ್ತದೆ, ಯಾವ ಅಂಚು ಇನ್ನೂ ಚೂಪಾಗಿ ಬೆರಳಿಗೆ ಹತ್ತುತ್ತದೆ, ಎಲ್ಲವೂ ನೆನಪಿತ್ತು. ಬೆರಳುಗಳು ಓಡುತ್ತಿದ್ದವು. 'ಬಳಪದ ಕಲ್ಲು ಮೆದುವಾದ್ದರಿಂದ ಕಂಬ' ಎಂದು ಒತ್ತಿದಳು. ಧ್ವನಿ 'ಕಂ' ಎಂದು ನಿಂತಿತು.

ಇನ್ನೊಂದು ಅಕ್ಷರ ಒತ್ತಿದಳು. ಸದ್ದಿಲ್ಲ.

ಉಳಿಸುವ ಕೀಲಿಗಳನ್ನು ಒತ್ತಿದಳು. 'ಉಳಿಸಲಾಗಿದೆ' ಎಂಬ ಮಾತು ಬರಲಿಲ್ಲ. ಕಿವಿಗೆ ಹಾಕಿದ ಇಯರ್‌ಫೋನಿನ ತಂತಿ ಸಡಿಲಾಯಿತೇನೋ ಎಂದು ತಿರುವಿ ಒತ್ತಿ ನೋಡಿದಳು. ಬಾಗಿ ನೆಲದ ಮೇಲಿದ್ದ ಕಂಪ್ಯೂಟರಿನ ಡಬ್ಬಿಯ ಮೇಲೆ ಕೈಯಿಟ್ಟಳು. ಫ್ಯಾನ್ ತಿರುಗುವ ನಡುಕ ಮಾತ್ರ ಇತ್ತು. ಯಂತ್ರ ಪೂರ್ತಿ ಕೆಟ್ಟು ನಿಂತರೂ ಫ್ಯಾನ್ ತಿರುಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಿವಿ ತಗುಲಿಸಿದಳು. ಹಳೆಯ ಡಿಸ್ಕ್ ಆಗಿದ್ದರೆ ಇಷ್ಟು ಹೊತ್ತಿಗೆ ಏನಾದರೊಂದು ಹೇಳುತ್ತಿತ್ತು. ಮುಟ್ಟಿ ನೋಡುವ ಗಡಿಯಾರದಲ್ಲಿ ನಾಲ್ಕು ಹೊಡೆದು ಎಂಟು ನಿಮಿಷವಾಗಿತ್ತು. ಕೊನೆಯ ಸಲ ಉಳಿಸಿದ ಮೇಲೆ ಒಂದು ಪುಟಕ್ಕೂ ಹೆಚ್ಚು ಬರೆದಿದ್ದಳು.

"ಮೇಡಂ, ಧ್ವನಿ ನಿಂತೈತ್ರಿ."

ಸುಶ್ಮಿತಾ ಓಡಿ ಬಂದಳು. "ನಿಂತೈತಾ? ಸ್ಕ್ರೀನ್ ಮ್ಯಾಲ..." ಎಂದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. "ವಿದ್ಯಾಶ್ರೀ, ಸ್ಕ್ರೀನ್ ಮ್ಯಾಲಿಂದು ನಾ ಏನೂ ಹೇಳಂಗಿಲ್ಲ. ಬರದು ಕೊಟ್ಟಾರ."

"ಸ್ಕ್ರೀನ್ ಬ್ಯಾಡ್ರಿ. ಡಬ್ಬಿ ಮುಂದ ಎರಡು ಸಣ್ಣ ದೀಪ ಇರತಾವು. ಒಂದು ಕರೆಂಟಿಂದು, ಇನ್ನೊಂದು ಡಿಸ್ಕಿಂದು. ಆ ಡಿಸ್ಕಿನ ದೀಪ ಹೆಂಗೈತಿ, ಅಷ್ಟ ಹೇಳ್ರಿ ಸಾಕು."

ಅಂಗಡಿಯಲ್ಲಿ ಕೂತ ಎಂಟು ತಿಂಗಳಲ್ಲಿ, ಆಪಾ ಫೋನಿನಲ್ಲಿ ಗಿರಾಕಿಗಳಿಗೆ ಇದೇ ಪ್ರಶ್ನೆ ಕೇಳುವುದನ್ನು ವಿದ್ಯಾಶ್ರೀ ನೂರು ಸಲ ಕೇಳಿದ್ದಳು. ದೀಪ ಆರಿದ್ದರೆ ಯಂತ್ರ ಸುಮ್ಮನೆ ನಿಂತಿದೆ, ಆರಿಸಿ ಮತ್ತೆ ಹಚ್ಚಿದರೆ ಡಿಸ್ಕಿನಲ್ಲಿ ಉಳಿಸಿದ್ದಕ್ಕೆ ನಷ್ಟವಿಲ್ಲ. ಮಿಣುಕುತ್ತಿದ್ದರೆ ಕೆಲಸ ನಡೆದಿದೆ. ಬಿಡದೆ ಹತ್ತಿ ನಿಂತಿದ್ದರೆ ಡಿಸ್ಕ್ ಮುಳುಗುವಷ್ಟು ಕೆಲಸ ಬಿದ್ದಿದೆ, ಆಗ ಗುಂಡಿ ಒತ್ತಿ ಆರಿಸಿದರೆ ಅರ್ಧ ಬರೆದದ್ದು ಅಲ್ಲೇ ಉಳಿದು ಯಂತ್ರ ಮತ್ತೆ ಏಳದೇ ಹೋಗಬಹುದು.

ಸುಶ್ಮಿತಾ ಷರತ್ತಿನ ಹಾಳೆ ತಿರುವಿದಳು. ದೀಪದ ಮಾತು ಅದರಲ್ಲಿ ಇರಲಿಲ್ಲ. ಹೇಳಬಹುದು ಎಂದೂ ಇರಲಿಲ್ಲ. "ಸರ್ನ ಕರೀತೀನಿ," ಎಂದು ಹೊರಗೆ ಹೋದಳು.

ಬೀರಲಿಂಗ ಸರ್ ಬರುವಾಗಲೇ ಉಸಿರು ಏರಿತ್ತು. "ನಾ ಮದ್ಲ ಹೇಳಿದ್ದೆ. ಆತು, ಆರಿಸಿ ಹಚ್ಚೂಣು. ಆಗಲಿಲ್ಲಂದ್ರ ಆ ಹುಡುಗಿ ಅದಾಳ, ಬರದು ಕೊಡ್ತಾಳ."

ಅವರ ಕೈಗಡಿಯಾರ ಡಬ್ಬಿಗೆ ತಗುಲಿದ ಸಣ್ಣ ಸದ್ದು ವಿದ್ಯಾಶ್ರೀಗೆ ಕೇಳಿತು. ಕೈ ಗುಂಡಿಯ ಹತ್ತಿರ ಹೋಗಿತ್ತು.

"ಮುಟ್ಟಬ್ಯಾಡ್ರಿ!"

ತಾನು ಅಷ್ಟು ಜೋರಾಗಿ ಕೂಗಬಲ್ಲೆನೆಂದು ವಿದ್ಯಾಶ್ರೀಗೇ ಗೊತ್ತಿರಲಿಲ್ಲ. ಕಾರಿಡಾರಿನಲ್ಲಿ ನಡೆಯುತ್ತಿದ್ದ ಚಪ್ಪಲಿ ಸದ್ದು ನಿಂತಿತು.

"ಸರ್, ತಪ್ಪಾತ್ರಿ, ಆದ್ರ ಮುಟ್ಟಬ್ಯಾಡ್ರಿ. ದೀಪ ಹೆಂಗೈತಿ ನೋಡ್ರಿ ಮದ್ಲ. ಅದು ಹತ್ತಿ ನಿಂತಿದ್ರ ಒಳಗ ಕೆಲಸಾ ನಡದೈತಿ. ನಡುವ ಆರಿಸಿದ್ರ ಎಲ್ಲಾ ಹೋಗತೈತ್ರಿ."

ಸುಶ್ಮಿತಾಳ ಸೀರೆ ಸರಸರ ಎಂದಿತು. ಅವಳು ನೆಲಕ್ಕೆ ಕೂತಿದ್ದಳು. "ಕೆಂಪ ದೀಪ ಸರ್. ಹತ್ತೇ ಐತಿ. ಮಿಣಕವಲ್ದು."

"ಎಷ್ಟೊತ್ತು ಕಾಯೂದು?" ಬೀರಲಿಂಗ ಸರ್ ದನಿ ಇಳಿಯಿತು. "ನೋಡು, ಎರಡು ತಾಸು ಬರದದ್ದು ಹೋತಂದ್ರ ನಾನ ಉತ್ತರಾ ಕೊಡಬೇಕು. ಈಗ್ಲೇ ಆ ಹುಡುಗಿ ಕಡಿಂದ ಬರಸಿದ್ರ ಏಳೂ ಬರದು ಮುಗಸ್ತಿ. ಆಮ್ಯಾಲ ವ್ಯಾಳ್ಯಾ ಉಳಿಯಂಗಿಲ್ಲ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ವಿದ್ಯಾಶ್ರೀಯನ್ನು ಹೆಚ್ಚು ಹೆದರಿಸಿತು. ಈಗ ಬಿಟ್ಟುಕೊಟ್ಟರೆ ಎರಡು ತಾಸಾದರೂ ಕೈಯಲ್ಲಿರುತ್ತದೆ. ಕಾದು, ಯಂತ್ರ ಏಳದಿದ್ದರೆ ಅದೂ ಇಲ್ಲ. ಪಾಸಾದರೆ ಹಾಕಬೇಕೆಂದಿದ್ದ ಬಿ.ಎಡ್. ಅರ್ಜಿ, ಇನ್ನೊಂದು ವರ್ಷ, ಮತ್ತೆ ಬಸ್ಸು, ಮತ್ತೆ ಯಾರದೋ ಬರಹ. ಅವಳು ಕುರ್ಚಿಯ ಅಂಚನ್ನು ಎರಡೂ ಕೈಯಿಂದ ಹಿಡಿದಳು.

"ಹತ್ತು ನಿಮಿಷ ಕೊಡ್ರಿ ಸರ್. ಹಾಳಾದ್ರ ನನ್ನ ಜವಾಬ್ದಾರಿ ಅಂತ ಬರಕೋರಿ, ಸಹಿ ಮಾಡ್ತೀನಿ."

ಅವರು ಖರೆಯೇ ಬರೆದರು. ಓದಿ ಹೇಳಿದರು. ಪೆನ್ನನ್ನು ಅವಳ ಕೈಗಿತ್ತು, ಸಹಿಯ ಜಾಗಕ್ಕೆ ಸ್ಕೇಲ್ ಇಟ್ಟು ತೋರಿಸಿದರು. ಅವಳು ಸಹಿ ಹಾಕಿದಳು. ನಾಲ್ಕು ಹೊಡೆದು ಹದಿನಾಲ್ಕು ನಿಮಿಷ.

ಕಾಯುವಾಗ ಅವಳು ಯಂತ್ರದ ಬಗ್ಗೆ ಯೋಚಿಸದಿರಲು ನೋಡಿದಳು. ಉಳಿಯದೇ ಹೋಗಬಹುದಾದ ಆ ಒಂದು ಪುಟವನ್ನು ಮೊದಲಿಂದ ತುಟಿಯಲ್ಲೇ ಹೇಳಿಕೊಂಡಳು. ಬಳಪದ ಕಲ್ಲು. ತಿರುಗಣಿಯ ಮೇಲೆ ಕಡೆದಂತಿರುವ ಕಂಬ. ಬಾಗಿಲುವಾಡದ ಐದು ಪಟ್ಟಿಕೆ. ಹೇಳಿ ಮುಗಿದಾಗ ಮತ್ತೆ ಮೊದಲಿಂದ ಹೇಳಿದಳು.

"ಹತ್ತೇ ಐತಿ," ಎಂದಳು ಸುಶ್ಮಿತಾ ನೆಲದಿಂದ. ಯಾರೂ ಕೇಳಿರಲಿಲ್ಲ.

ಬೀರಲಿಂಗ ಸರ್ ಕೊಠಡಿಯಲ್ಲಿ ನಾಲ್ಕು ಹೆಜ್ಜೆ ಆಚೆ, ನಾಲ್ಕು ಹೆಜ್ಜೆ ಈಚೆ ನಡೆಯುತ್ತಿದ್ದರು. ಪಕ್ಕದ ಕೋಣೆಯ ಹುಡುಗಿಯನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿದರು. ಆ ಹುಡುಗಿ ಪೆನ್ನಿನ ಗುಂಡಿಯನ್ನು ಟಕ್ ಟಕ್ ಎಂದು ಒತ್ತುತ್ತಲೇ ಇದ್ದಳು. ಯಾರಾದರೂ ಅವಳಿಗೆ ನಿಲ್ಲಿಸೆಂದು ಹೇಳಬಾರದೇ ಎನಿಸಿತು ವಿದ್ಯಾಶ್ರೀಗೆ.

"ಆತು ವಿದ್ಯಾಶ್ರೀ," ಎಂದರು ಸರ್ ಕೊನೆಗೆ. "ಹತ್ತು ನಿಮಿಷ ಆತು. ಇನ್ನ ನನ್ನ ಮಾತು ಕೇಳು."

"ಸರ್," ಸುಶ್ಮಿತಾಳ ದನಿ ಒಮ್ಮೆಲೇ ಏರಿತು. "ಸರ್, ಆರಿತ್ರಿ. ಮತ್ತ ಹತ್ತಿತು. ಮತ್ತ ಆರಿತು. ಮಿಣಕಾಕತ್ತೈತ್ರಿ!"

"ಖರೇನಾ?" ಸರ್ ಕೂಡ ಬಾಗಿದ್ದು ಅವರ ಮೊಣಕಾಲಿನ ಲಟಕ್ ಸದ್ದಿನಿಂದ ಗೊತ್ತಾಯಿತು.

"ಇನ್ನೊಂದೈದು ನಿಮಿಷ ಸರ್," ಎಂದಳು ವಿದ್ಯಾಶ್ರೀ. ಈ ಸಲ ಅವರು ಬೇಡವೆನ್ನಲಿಲ್ಲ.

ಏಳು ನಿಮಿಷ ಹಿಡಿಯಿತು. ಆಮೇಲೆ ಕಿವಿಯಲ್ಲಿ ಧ್ವನಿ ಒಡೆದು ಸುರಿಯಿತು. ಅವಳು ಒತ್ತಿದ ಅಷ್ಟೂ ಕೀಲಿಗಳನ್ನು ಒಂದರ ಮೇಲೊಂದು ಹೇಳುತ್ತ ಹೋಗಿ, ಕೊನೆಗೆ 'ಉಳಿಸಲಾಗಿದೆ' ಎಂದಿತು. ವಿದ್ಯಾಶ್ರೀ ಮೇಲಿನ ಪುಟಕ್ಕೆ ಹೋದಳು. ಸಾಲು ಸಾಲಾಗಿ ಎಲ್ಲ ಇತ್ತು. ಕಂಬದವರೆಗೂ ಇತ್ತು. ಅಳು ಬಂತು. ಅದಕ್ಕೆ ಸಮಯ ಕೊಡಲು ಆಗುತ್ತಿರಲಿಲ್ಲ.

ಆದರೆ ಯಂತ್ರ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಧ್ವನಿ ಈಗ ಬೆರಳಿಗಿಂತ ಎರಡು ಸೆಕೆಂಡ್ ಹಿಂದೆ ಬರುತ್ತಿತ್ತು. ಈಗ ಒತ್ತಿದ್ದು ಒಂದು, ಕೇಳುವುದು ಹಿಂದೆಂದೋ ಒತ್ತಿದ್ದು. ಒಂದು ವಾಕ್ಯ ಬರೆಯುವಷ್ಟರಲ್ಲಿ ಅವಳಿಗೆ ತಲೆ ತಿರುಗಿದಂತಾಯಿತು. ಒಂದೂವರೆ ತಾಸು ಉಳಿದಿತ್ತು, ಎರಡೂವರೆ ಉತ್ತರ ಬಾಕಿ.

ಅವಳು ಕಿವಿಯ ತಂತಿ ಕಿತ್ತು ಮೇಜಿನ ಮೇಲಿಟ್ಟಳು.

"ಯಾಕ, ಮತ್ತ ನಿಂತಿತಾ?" ಸುಶ್ಮಿತಾ ಕೇಳಿದಳು.

"ಇಲ್ರಿ. ಧ್ವನಿ ಇಲ್ಲದ ಬರೀತೀನಿ."

ಹೊಳೆಯಲ್ಲಿ ತಳ ಸಿಗದೆ ನಡೆದ ಹಾಗಿತ್ತು. ಎರಡು ತೋರುಬೆರಳುಗಳ ಕೀಲಿಯ ಮೇಲಿನ ಸಣ್ಣ ಉಬ್ಬುಗಳನ್ನು ಬಿಟ್ಟರೆ ಬೇರೆ ಗುರುತಿಲ್ಲ. ಪ್ರತಿ ವಾಕ್ಯ ಮುಗಿದ ಮೇಲೆ ಬೆರಳನ್ನು ಆ ಉಬ್ಬುಗಳಿಗೆ ತಂದು, ಉಳಿಸುವ ಕೀಲಿ ಒತ್ತಿ, ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದಳು. ತಪ್ಪಾಯಿತೋ ಸರಿಯಾಯಿತೋ ತಿಳಿಯದು. ಐದನೆಯದು ಮುಗಿಯಿತು, ಆರನೆಯದು ಮುಗಿಯಿತು. ಉಳಿದವರೆಲ್ಲ ಐದಕ್ಕೆ ಎದ್ದು ಹೋದ ಗದ್ದಲ ಬಂದು ಹೋಯಿತು. ಆರಕ್ಕೆ ಎರಡು ನಿಮಿಷವಿದ್ದಾಗ ಕೊನೆಯ ಚುಕ್ಕೆ ಇಟ್ಟಳು.

ಮುದ್ರಿಸಿದ ಹಾಳೆಗಳು ಬಿಸಿಯಾಗಿದ್ದವು. ತನ್ನದೇ ಎಂದು ಖಾತ್ರಿ ಮಾಡಿಕೊಳ್ಳದೆ ಅವಳು ಸಹಿ ಹಾಕುವಂತಿರಲಿಲ್ಲ, ಯಂತ್ರವನ್ನು ಮತ್ತೆ ಮುಟ್ಟುವಂತೆಯೂ ಇರಲಿಲ್ಲ. ಬೀರಲಿಂಗ ಸರ್ ಪತ್ರ ತೆರೆದು ನೋಡಿದರು. ಸಮಯ ಮುಗಿದ ಮೇಲೆ ಓದಬಾರದೆಂದು ಅದರಲ್ಲಿ ಎಲ್ಲೂ ಇರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ತಾವೇ ಓದತೊಡಗಿದರು.

ತಾನೇ ಬರೆದ ವಾಕ್ಯಗಳನ್ನು ಇನ್ನೊಬ್ಬರ ಬಾಯಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು. ಸರ್ ಮೊದಮೊದಲು ಗಡಿಬಿಡಿಯಿಂದ ಓದಿದರು. ಲಕ್ಕುಂಡಿಯ ಕಂಬಗಳು ಬಂದಾಗ ನಿಧಾನವಾದರು. ಕಂಬದ ಕೊರಳಿನ ಅಂಚು ಇಂದಿಗೂ ಬೆರಳಿಗೆ ಚೂಪಾಗಿ ಹತ್ತುತ್ತದೆ ಎಂಬ ಸಾಲನ್ನು ಎರಡು ಸಲ ಓದಿದರು. ಆರನೆಯ ಉತ್ತರದ ನಡುವೆ ತಟ್ಟನೆ ನಿಂತರು.

"ಏನಾತ್ರಿ ಸರ್?"

"ಇಲ್ಲೆ ಒಂದು ಸಾಲು... ಅಕ್ಷರ ಎಲ್ಲಾ ಕಲಸ್ಯಾವ. ಅರ್ಥ ಆಗಂಗಿಲ್ಲ." ಕಾಗದ ಮಗುಚಿದ ಸದ್ದು. "ಒಂದ ಸಾಲು. ಮುಂದಿಂದು ಸರಿ ಐತಿ."

ಬೆರಳು ಒಂದು ಕೀಲಿ ಪಕ್ಕಕ್ಕೆ ಸರಿದು ಹೋಗಿತ್ತು. ತಿದ್ದಲು ಈಗ ಸಮಯವಿರಲಿಲ್ಲ. ಸುಶ್ಮಿತಾ ಲೊಚಗುಟ್ಟಿದಳು.

"ಇರ್ಲಿ ಬಿಡ್ರಿ," ಎಂದಳು ವಿದ್ಯಾಶ್ರೀ. "ಅದೂ ನಾನ ಬರದದ್ದು." ಎಲ್ಲ ಹಾಳೆಗಳಿಗೂ ಸಹಿ ಹಾಕಿದಳು.

ಸರ್ ಜೈಬುನ್ನೀಸಾಳನ್ನು ಒಳಗೆ ಕರೆಸಿದರು. ಅವಳು ಯಂತ್ರದ ದಾಖಲೆ ತೆಗೆದು ಬಹಳ ಹೊತ್ತು ನೋಡಿದಳು. ಕೊನೆಗೆ ವಿದ್ಯಾಶ್ರೀಯ ಪಕ್ಕ ಬಂದು ನಿಂತಳು.

"ಬೇಟಿ, ತಪ್ಪು ನಂದು. ಆವತ್ತು ಕನ್ನಡ ಧ್ವನಿ ಇಳಸಾಕ ಒಂದೂವರಿ ತಾಸು ನೆಟ್ ಹಾಕಿದ್ನೆಲ್ಲಾ, ಅಷ್ಟರಾಗ ಓಎಸ್ ತಂದೊಂದು ದೊಡ್ಡ ಅಪ್‌ಡೇಟ್ ಇಳಿಸಿಕೊಂಡು ಇಟ್ಟಿತ್ತು. ಅದನ್ನ ಬಿಚ್ಚಿ ಜೋಡಸಾಕ ಅದಕ್ಕ ವ್ಯಾಳ್ಯಾ ಬೇಕಾಗಿತ್ತು. ಒಂಬತ್ತು ದಿನ ಬೀಗದಾಗ ಇತ್ತು. ಇವತ್ತ ಹಚ್ಚಿ ಎರಡು ತಾಸು ಆದ ಮ್ಯಾಲ ಸುರು ಮಾಡೇತಿ. ಡಿಸ್ಕ್ ಅಷ್ಟು ಬರಿಯೂದು ತಡಕೊಳ್ಳಲಿಲ್ಲ. ಅಪ್‌ಡೇಟ್ ಬಂದ್ ಮಾಡೂದು ನಾ ಮರತೆ. ತಂತಿ ಕಿತ್ತೀನಿ ಅಂದ್ರ ಸಾಕು ಅಂದ್ಕೊಂಡೆ."

ವಿದ್ಯಾಶ್ರೀ ಬೈದಿದ್ದರೆ ಜೈಬುನ್ನೀಸಾಳಿಗೆ ಸಮಾಧಾನವಾಗುತ್ತಿತ್ತೇನೋ. ಗೇಟಿನಲ್ಲಿ ಕಾದಿದ್ದ ತಾಯಿಯ ತೋಳು ಹಿಡಿದು ಅವಳು ನೇರವಾಗಿ ಬಸ್ ನಿಲ್ದಾಣಕ್ಕೆ ನಡೆದಳು. ಹರ್ತಿಯ ಬಸ್ಸಿನಲ್ಲಿ ರೇಣುಕವ್ವ, "ಆಕೀನೂ ಹೊರಗ ಬಿಸಲಾಗ ನಾಕು ತಾಸು ನಿಂತಿದ್ಳವಾ, ಒಂದು ಹನಿ ನೀರು ಕುಡೀಲಿಲ್ಲ," ಎಂದಳು. ವಿದ್ಯಾಶ್ರೀ ಆ ಕಲಸಿದ ಸಾಲಿನಲ್ಲಿ ಏನು ಬರೆಯಹೊರಟಿದ್ದೆ ಎಂದು ನೆನೆಯುತ್ತಿದ್ದಳು. ಅದು ನೆನಪಿಗೆ ಬರಲೇ ಇಲ್ಲ.

ಮೂರು ವಾರ ಅವಳು ಅಂಗಡಿಯ ಕಡೆ ಹೋಗಲಿಲ್ಲ. ಜೈಬುನ್ನೀಸಾ ಎರಡು ಸಲ ಫೋನ್ ಮಾಡಿದಳು, ರೇಣುಕವ್ವನೇ ಮಾತಾಡಿದಳು. ಸಿಟ್ಟು ಇಳಿಯುತ್ತ ಬಂದಂತೆ ವಿದ್ಯಾಶ್ರೀಗೆ ಇನ್ನೊಂದೂ ಕಾಣಿಸಿತು. ಆಪಾ ಮೊದಲು ತೋರಿಸಿದ್ದು ಬೇರೆ ಓಎಸ್. ಬೇಡವೆಂದವಳು ತಾನು. ಧ್ವನಿ ತಗಡಿನಂತಿದೆ, ಕೀಲಿಗಳು ಹೊಸವು ಎಂದು ನೆವ ಹೇಳಿದವಳು ತಾನು.

ನಾಲ್ಕನೆಯ ಸೋಮವಾರ ಅಂಗಡಿಯ ಮೆಟ್ಟಿಲು ಹತ್ತಿದಳು. ಒಳಗೆ ಬೆಸುಗೆಯ ವಾಸನೆಯಿತ್ತು. ಜೈಬುನ್ನೀಸಾ ಕೆಲಸ ನಿಲ್ಲಿಸಿ ಎದ್ದಳು, ಆದರೆ ಹತ್ತಿರ ಬರಲಿಲ್ಲ.

"ಆಪಾ, ಆ ಇನ್ನೊಂದು ಓಎಸ್ ಕಲಸ್ರಿ," ಎಂದಳು ವಿದ್ಯಾಶ್ರೀ.

"ಸಿಟ್ಟು ಹೋತಾ?"

"ಪೂರಾ ಹೋಗಿಲ್ರಿ."

"ಅಷ್ಟು ಇರಬೇಕ ಬಿಡು. ಕುಂಡ್ರು."

ಫಲಿತಾಂಶ ಆಗಸ್ಟ್ ಮೊದಲ ವಾರದಲ್ಲಿ ಬಂತು. ಎಂಬತ್ತಕ್ಕೆ ನಲವತ್ತೊಂಬತ್ತು, ಪಾಸು. ಬೀರಲಿಂಗ ಸರ್ ತಾವೇ ಫೋನ್ ಮಾಡಿ ಹೇಳಿದರು. ಆಮೇಲೆ ಶಿರಹಟ್ಟಿ ಕಡೆಯ ಹುಡುಗನೊಬ್ಬ ಬರುವ ಪರೀಕ್ಷೆ ಕಂಪ್ಯೂಟರಿನಲ್ಲಿ ಬರೆಯುತ್ತೇನೆಂದು ಅರ್ಜಿ ಕೊಟ್ಟಿದ್ದಾನೆ, ನೀನೂ ಜೈಬುನ್ನೀಸಾನೂ ಒಂದು ದಿನ ಬರ್ರಿ, ಏನೇನು ಸಿದ್ಧ ಮಾಡಬೇಕು ಕೂತು ಬರೆಯೋಣ ಎಂದರು.

ವಿದ್ಯಾಶ್ರೀ ಗುರುವಾರ ಬರುತ್ತೇವೆಂದಳು. ಬಿ.ಎಡ್. ಅರ್ಜಿಗೆ ಬುಧವಾರವೇ ಕೊನೆಯ ದಿನವಾಗಿತ್ತು, ಮೊದಲು ಅದನ್ನು ಹಾಕಬೇಕಿತ್ತು.